ಎನ್‌ಎಸ್-3: ಪುಕ್ಕಟೆ, ಗಟ್ಟಿ, ಆದರೆ ವೇಗ ನಾವೇ ಹುಡುಕಿಕೊಳ್ಳಬೇಕು

ಕಾರವಾರದ ಮೀನುಗಾರಿಕೆ ದೋಣಿಗಳ ನಡುವೆ ವೈ-ಫೈ ಜಾಲ ಕಟ್ಟಿದರೆ ಸಂದೇಶ ದಡ ಮುಟ್ಟುತ್ತದಾ? ನನ್ನ ಎಂ.ಟೆಕ್ ಪ್ರಾಜೆಕ್ಟ್ ಇದೇ. ಪ್ರಯೋಗಕ್ಕೆ ಅಂತ ಇಡೀ ಬಂದರಿನ ದೋಣಿ ಯಾರು ಕೊಡುತ್ತಾರೆ? ಹಾಗಾಗಿ ಜಾಲವನ್ನು ಕಂಪ್ಯೂಟರಿನೊಳಗೇ ಅನುಕರಿಸಿ ನೋಡುವ ಎನ್‌ಎಸ್-3 ಸಿಮ್ಯುಲೇಟರ್ ಹಿಡಿದೆ. 2008ರಲ್ಲಿ ಮೊದಲ ಆವೃತ್ತಿ ಬಂದ, ಸಿ++ನಲ್ಲಿ ಬರೆದ ಮುಕ್ತ ತಂತ್ರಾಂಶ. ಪ್ರೋಟೊಕಾಲ್‌ಗಳ (ಸಂದೇಶ ಸಾಗಿಸುವ ನಿಯಮಗಳ) ವಿವರಕ್ಕೆ ಪೂರ್ತಿ ಅಂಕ. ವೇಗದ ವಿಷಯ ಬೇರೆ.

ಮೊದಲು ಆಪ್ಟಿಮೈಸ್ಡ್ ಬಿಲ್ಡ್ ಮಾಡಿಕೊಳ್ಳಿ, ಅಂದರೆ ತಂತ್ರಾಂಶವನ್ನು ವೇಗಕ್ಕೆಂದೇ ಕಂಪೈಲ್ ಮಾಡಿ. ಸುಮ್ನೆ ಕಾನ್ಫಿಗರ್ ಮಾಡಿದರೆ ತಪ್ಪು ಹುಡುಕಲು ಇಟ್ಟ ಲಾಗ್, ಅಸರ್ಟ್ ಎಲ್ಲ ಒಳಗೇ ಉಳಿದು ಓಟ ನಿಧಾನವಾಗುತ್ತದೆ. ಪ್ರತಿ ಪ್ಯಾಕೆಟ್ಟನ್ನೂ ದಾಖಲಿಸುವ ಪಿಕ್ಯಾಪ್ ಫೈಲ್ ಬರೆಯುವುದನ್ನೂ ನಿಲ್ಲಿಸಿ. ಡಿಲೇ, ಪ್ಯಾಕೆಟ್ ನಷ್ಟ ಗೊತ್ತಾದರೆ ಸಾಕು ಅನ್ನುವವರಿಗೆ ಅಂಕಿಅಂಶ ಮಾತ್ರ ಕೊಡುವ ಫ್ಲೋ ಮಾನಿಟರ್ ಇದರಲ್ಲೇ ಇದೆ.

ನಿಜವಾದ ಹೊರೆ ಇರುವುದು ವೈ-ಫೈ ಚಾನೆಲ್‌ನಲ್ಲಿ, ಅಂದರೆ ಸಿಗ್ನಲ್ ಹರಡುವುದನ್ನು ಅನುಕರಿಸುವ ಭಾಗದಲ್ಲಿ. ಒಂದು ದೋಣಿ ಪ್ಯಾಕೆಟ್ ಬಿಟ್ಟರೆ ಅದೇ ಚಾನೆಲ್‌ನ ಪ್ರತಿ ದೋಣಿಗೂ ಒಂದೊಂದು ಇವೆಂಟ್ (ಲೆಕ್ಕ ಹಾಕಬೇಕಾದ ಘಟನೆ) ಸರದಿಗೆ ಸೇರುತ್ತದೆ. ಸಿಗ್ನಲ್ ಮುಟ್ಟದಷ್ಟು ದೂರ ಇದ್ದರೂ ಅಷ್ಟೇ. ಇದರ ಬದಲು ಸ್ಪೆಕ್ಟ್ರಮ್ ಚಾನೆಲ್ ಎಂಬ ಇನ್ನೊಂದು ಮಾದರಿ ಬಳಸಿ ಮ್ಯಾಕ್ಸ್‌ಲಾಸ್‌ಡಿಬಿ ಎಂಬ ಮಿತಿ ಇಟ್ಟರೆ, ದಾರಿಯಲ್ಲಿ ಅದಕ್ಕಿಂತ ಹೆಚ್ಚು ಕ್ಷೀಣಿಸಿದ ಸಿಗ್ನಲ್‌ಗಳನ್ನು ಅಲ್ಲೇ ಕೈಬಿಡುತ್ತದೆ. ದೋಣಿಗಳು ಸಮುದ್ರದಲ್ಲಿ ಚದುರಿರುವ ಸನ್ನಿವೇಶಕ್ಕೆ ಇದು ಚೆನ್ನಾಗಿ ಒದಗಿತು. ಆದರೆ ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಎಲ್ಲವೂ ಕಾರವಾರದ ಬೈತಖೋಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವಲ್ಲ, ಅಲ್ಲಿ ಏನೂ ಪ್ರಯೋಜನವಿಲ್ಲ. ಎಲ್ಲರ ಸಿಗ್ನಲ್ ಎಲ್ಲರಿಗೂ ಜೋರಾಗಿಯೇ ಸಿಗುತ್ತದೆ, ಕೈಬಿಡಲು ಏನಿದೆ? ಇನ್ನು ಮಿತಿಯನ್ನು ತೀರಾ ಬಿಗಿ ಮಾಡಿದರೆ ದೂರದ ಸಣ್ಣಪುಟ್ಟ ಅಡಚಣೆಗಳೂ ಮಾಯವಾಗಿ ಫಲಿತಾಂಶ ಸುಳ್ಳೇ ಚೆಂದ ಕಾಣುತ್ತದೆ. ಗೈಡ್ ಮುಂದೆ ಹೋಗುವ ಮುಂಚೆ ನೋಡಿಕೊಳ್ಳಿ.

ಎಂಪಿಐ (ಕೆಲಸವನ್ನು ಹಂಚಿ ಒಟ್ಟಿಗೆ ನಡೆಸುವ ವ್ಯವಸ್ಥೆ) ಬಳಸಿ ಒಂದೇ ಸಿಮ್ಯುಲೇಶನ್ ಅನ್ನು ಹಲವು ಕೋರ್‌ಗೆ ಹಂಚುವ ಆಸೆ ವೈ-ಫೈನವರು ಬಿಡಬೇಕು. ತುಂಡು ಮಾಡಲು ಬರುವುದು ಪಾಯಿಂಟ್-ಟು-ಪಾಯಿಂಟ್ ಲಿಂಕ್ (ಎರಡೇ ತುದಿಗಳ ನೇರ ಸಂಪರ್ಕ) ಇರುವಲ್ಲಿ ಮಾತ್ರ, ಅದೂ ಲಿಂಕಿನ ಡಿಲೇ ಜಾಸ್ತಿ ಇದ್ದಷ್ಟೂ ಲಾಭ. ಹೇಗೂ ಸರಾಸರಿ ತೆಗೆಯಲು ಬೇರೆ ಬೇರೆ ರ‍್ಯಾಂಡಮ್ ರನ್ (ಸಿಮ್ಯುಲೇಶನ್‌ನ ಒಂದೊಂದು ಓಟ) ಬೇಕೇ ಬೇಕು, ಅಲ್ವಾ? ಆರ್‌ಎನ್‌ಜಿರನ್ ಎಂಬ, ಪ್ರತಿ ಓಟದ ಯಾದೃಚ್ಛಿಕತೆ ಬದಲಿಸುವ ಸಂಖ್ಯೆಯನ್ನು ಬದಲಿಸಿ, ಕೋರಿಗೊಂದರಂತೆ ಒಟ್ಟಿಗೇ ಓಡಿಸಿ. ರ‍್ಯಾಮ್ ಮೇಲೆ ಮಾತ್ರ ಕಣ್ಣಿರಲಿ. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಈ ದಾರಿಯೇ.

ನಡುವೆ ನಿಂತ ರನ್ ಅನ್ನು ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಎನ್‌ಎಸ್-3ರಲ್ಲಿ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ. ದೊಡ್ಡದೊಂದರ ಬದಲು ಚಿಕ್ಕ ರನ್‌ಗಳಿಟ್ಟುಕೊಂಡರೆ ಮುಗಿದವಾದರೂ ಕೈಯಲ್ಲಿ ಉಳಿಯುತ್ತವೆ. ಐದಕ್ಕೆ ನಾಲ್ಕು ಸ್ಟಾರ್, ಒಂದನ್ನು ಇದಕ್ಕೇ ಕಳೆದೆ.