ಎಫ್‌ಆರ್-4 ಶೀಟಿಗೆ ಸಣ್ಣ ತೂತು: ನಾಲ್ಕು ಥರ ಕೊರೆದು ನೋಡಿದೆ

0.8 ಮಿ.ಮೀ. ದಪ್ಪದ ಎಫ್‌ಆರ್-4 ಶೀಟು (ಸರ್ಕ್ಯೂಟ್ ಬೋರ್ಡ್ ಮಾಡಲು ಬಳಸುವುದು), ತಾಮ್ರ ಇಲ್ಲದ್ದು. ಅದರಲ್ಲಿ 0.3 ಮಿ.ಮೀ. ತೂತುಗಳು ಬೇಕಿದ್ದವು. ಡ್ರಿಲ್ ನಮ್ಮಲ್ಲೇ ಇದೆ. ಲೇಸರ್ ಮೂರನ್ನೂ ಬೇರೆ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದೆ.

ಈ ಶೀಟು ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಎಂಬ ಅಂಟು ಕುಡಿಸಿ ಮಾಡಿದ್ದು. ತಕರಾರು ಇರುವುದೇ ಅಲ್ಲಿ. ಎಪಾಕ್ಸಿ 300–400 ಡಿಗ್ರಿಗೆಲ್ಲ ಕರಕಲಾಗುತ್ತದೆ. ಗಾಜು ಮೆತ್ತಗಾಗಲು 800 ಡಿಗ್ರಿ ದಾಟಬೇಕು.

ಕಾರ್ಬೈಡ್ ಡ್ರಿಲ್ ಬಿಟ್ ಹೊಸದಿದ್ದಾಗ ತೂತು ನೇರ, ಚೊಕ್ಕ. ಆದರೆ ಗಾಜು ಬಿಟ್ಟಿನ ಮೊನೆ ತಿನ್ನುತ್ತದೆ. ಮೊನೆ ಮೊಂಡಾದ ಮೇಲೆ ಕೆಳಗಡೆ ನಾರು ಕುಚ್ಚಿನ ಹಾಗೆ ನಿಲ್ಲುತ್ತದೆ. ತೂತಿನ ಸುತ್ತ ಬಿಳಿ ಉಂಗುರ ಕಂಡರೆ ಪದರ ಬಿಟ್ಟುಕೊಂಡಿದೆ ಅಂತಲೇ ಲೆಕ್ಕ.

ಸಿಒ2 ಲೇಸರ್ ಬೇಗ ಕೊರೆಯಿತು, ಹೊಲಸಾಗಿ ಕೊರೆಯಿತು. ಅಂಚು ಮುಟ್ಟಿದರೆ ಬೆರಳಿಗೆ ಮಸಿ. ನಾರಿನ ತುದಿ ಕರಗಿ ಮಣಿಮಣಿಯಾಗಿತ್ತು. ಎಫ್‌ಆರ್-4ನಲ್ಲಿ ಸಾಮಾನ್ಯವಾಗಿ ಬ್ರೋಮಿನ್ ಇರುತ್ತದೆ, ಹೊಗೆ ಎಳೆಯುವ ವ್ಯವಸ್ಥೆ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. 355 ನ್ಯಾನೋಮೀಟರ್ ಅಲೆಯುದ್ದದ ಯುವಿ (ನೇರಳಾತೀತ) ನ್ಯಾನೋಸೆಕೆಂಡ್ ಲೇಸರ್ ಪರವಾಗಿಲ್ಲ. ಎಪಾಕ್ಸಿ ಸಲೀಸಾಗಿ ಹೋಯಿತು, ನಾರು ಮಾತ್ರ ತೂತಿನೊಳಕ್ಕೆ ಚಾಚಿಕೊಂಡೇ ಇತ್ತು.

ಇನ್ನು ಫೆಮ್ಟೋಸೆಕೆಂಡ್ ಲೇಸರ್, 1030 ನ್ಯಾನೋಮೀಟರ್. ಇದು ಬೆಳಕನ್ನು ಪಲ್ಸ್ ಪಲ್ಸಾಗಿ, ಅಂದರೆ ಚಿಕ್ಕ ಚಿಕ್ಕ ಮಿಡಿತಗಳಾಗಿ ಬಿಡುತ್ತದೆ; ಒಂದೊಂದೂ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನದು. ಸಾಮಾನ್ಯವಾಗಿ ಈ ಬೆಳಕು ಗಾಜಿನ ಮೂಲಕ ಸುಮ್ನೆ ಹಾದುಹೋಗುತ್ತದೆ. ಪಲ್ಸ್ ಇಷ್ಟು ಚಿಕ್ಕದಾದಾಗ ಬೆಳಕು ಎಷ್ಟು ದಟ್ಟವಾಗಿರುತ್ತದೆ ಅಂದರೆ, ಗಾಜು ಹಲವು ಫೋಟಾನ್‌ಗಳನ್ನು (ಬೆಳಕಿನ ಕಣಗಳನ್ನು) ಒಟ್ಟಿಗೆ ನುಂಗಿಬಿಡುತ್ತದೆ. ಬಿಸಿ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಪಲ್ಸ್ ಮುಗಿದಿರುತ್ತದೆ. ಇಂಥ ಜೋರಿನ ಪಲ್ಸ್‌ಗೆ ದಾರಿ ಮಾಡಿದ್ದು 1985ರಲ್ಲಿ ಭೌತವಿಜ್ಞಾನಿಗಳಾದ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ (Mourou). 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನೊಬೆಲ್ ಬಂದ ಲೇಸರ್ ಅಂತ ನಂಬಿ ಸೆಕೆಂಡಿಗೆ 5 ಲಕ್ಷ ಪಲ್ಸ್ ಬಿಟ್ಟೆ. ಅಂಚು ಕಂದಾಯಿತು! ಒಂದೊಂದು ಪಲ್ಸೂ ಚೂರು ಬಿಸಿ ಉಳಿಸಿ ಹೋಗುತ್ತದೆ, ಅದು ಆರುವಷ್ಟರಲ್ಲಿ ಮುಂದಿನದು ಬಂದರೆ ಸುಡದೆ ಇರುತ್ತದಾ? 50 ಸಾವಿರಕ್ಕೆ ಇಳಿಸಿದೆ, ಕಿರಣ ತೂತಿನ ಅಂಚಿನಲ್ಲಿ ಸುತ್ತುವ ವೇಗ ಜಾಸ್ತಿ ಮಾಡಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಾರಿನ ತುದಿಗಳು ಹರಿತ ಮಚ್ಚಿನಲ್ಲಿ ಕಡಿದ ಕಬ್ಬಿನ ಕಂತೆಯ ಹಾಗೆ ಸಾಲಾಗಿ ನಿಂತಿದ್ದವು. ಮಸಿ ಇಲ್ಲ, ಮಣಿ ಇಲ್ಲ. ಆದರೆ ತೂತು ಮೇಲೆ ಅಗಲ, ಕೆಳಗೆ ಕಿರಿದು. ಕೆಲಸವೋ ಆಮೆ ನಡಿಗೆ, ಬಾಡಿಗೆ ಮೀಟರ್ ಓಡುತ್ತಲೇ ಇತ್ತು.

ಆ ಜಾಬನ್ನು ಡ್ರಿಲ್‌ನಲ್ಲೇ ಮುಗಿಸಿದೆ. ಕೆಳಗೊಂದು ಬ್ಯಾಕಿಂಗ್ ಶೀಟು ಕೊಟ್ಟೆ, ಬಿಟ್ಟುಗಳನ್ನು ಬೇಗ ಬೇಗ ಬದಲಿಸಿದೆ. ಮುಂದಿನ ತಿಂಗಳು 0.1 ಮಿ.ಮೀ. ಸಂದಿ ಕೊರೆಯುವ ಜಾಬ್ ಇದೆ. ಅದು ಫೆಮ್ಟೋಗೇ, 50 ಸಾವಿರದಲ್ಲೇ.