ಸಿಗದ ಫೈಲ್‌ನ ನಿಜವಾದ ಹೆಸರು: ಪ್ರಾಸೆಸ್ ಮಾನಿಟರ್ ವಿಮರ್ಶೆ

ವಿಂಡೋಸ್‌ನಲ್ಲಿ ಆ್ಯಪ್ ತೆರೆಯುವಾಗ ಎರರ್ 126 ಬಂದು, ‘ಇಂಥ ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಸಂದೇಶ ಕಂಡರೆ ಅದರಲ್ಲಿರುವ ಹೆಸರನ್ನು ಕೂಡಲೇ ನಂಬಬೇಡಿ. ಡಿಎಲ್‌ಎಲ್ ಎಂದರೆ ಆ್ಯಪ್ ಓಡುವಾಗ ಲೋಡ್ ಮಾಡಿಕೊಳ್ಳುವ ಕೋಡ್ ಇರುವ ಫೈಲ್. ಆ ಹೆಸರಿನ ಫೈಲ್ ಫೋಲ್ಡರ್‌ನಲ್ಲೇ ಇರುವ ಸಾಧ್ಯತೆ ಸಾಕಷ್ಟಿದೆ. ಸಿಗದಿರುವುದು ಅದಕ್ಕೆ ಬೇಕಾದ ಇನ್ನೊಂದು ಡಿಎಲ್‌ಎಲ್, ಅಥವಾ ಆ ಇನ್ನೊಂದಕ್ಕೆ ಬೇಕಾದ ಮತ್ತೊಂದು. ಸಂದೇಶ ಆ ಹೆಸರನ್ನು ಹೇಳುವುದಿಲ್ಲ, ಆ್ಯಪ್‌ಗಳು ಫೈಲ್‌ಗಳಲ್ಲಿ ಮತ್ತು ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡುವ ಕೋಶ) ಮಾಡುವ ಕೆಲಸಗಳನ್ನು ದಾಖಲಿಸುವ ಪ್ರಾಸೆಸ್ ಮಾನಿಟರ್ ಹೇಳುತ್ತದೆ. ಡೆಸ್ಕ್‌ಟಾಪ್ ಆ್ಯಪ್ ಕಟ್ಟುವವರು ಡೀಬಗರ್‌ಗೂ (ಕೋಡ್‌ನ ದೋಷ ಹುಡುಕುವ ಸಾಧನ) ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಧನ ಇದೇ. ಫೈಲ್, ರಿಜಿಸ್ಟ್ರಿ ಮತ್ತು ಅನುಮತಿಯ ತೊಂದರೆಗಳಿಗೆ ಇದರಷ್ಟು ನೇರವಾಗಿ ಉತ್ತರ ಕೊಡುವ ಇನ್ನೊಂದು ಉಚಿತ ಸಾಧನ ವಿಂಡೋಸ್‌ನಲ್ಲಿ ಇಲ್ಲ.

ಇದು ಸಿಸ್‌ಇಂಟರ್ನಲ್ಸ್ ಸಾಧನಗಳ ಗುಂಪಿಗೆ ಸೇರಿದ್ದು. ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡಿತು. ಫೈಲ್ ಚಟುವಟಿಕೆ ತೋರಿಸುತ್ತಿದ್ದ ಹಳೆಯ ಫೈಲ್‌ಮಾನ್ ಮತ್ತು ರಿಜಿಸ್ಟ್ರಿಯದನ್ನು ತೋರಿಸುತ್ತಿದ್ದ ರೆಗ್‌ಮಾನ್ ಸೇರಿ ಈ ಸಾಧನವಾಯಿತು. ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಜಿಪ್ ಬಿಚ್ಚಿ ಓಡಿಸಿದರೆ ಸಾಕು. ಆದರೆ ಅದು ವಿಂಡೋಸ್‌ನ ಒಳತಿರುಳಿನಲ್ಲಿ ಓಡುವ ಕರ್ನಲ್ ಡ್ರೈವರ್ ಲೋಡ್ ಮಾಡುವುದರಿಂದ ಅಡ್ಮಿನ್ ಹಕ್ಕು ಕಡ್ಡಾಯ. ಬಿಗಿ ನಿಯಮಗಳಿರುವ ಕಚೇರಿ ಕಂಪ್ಯೂಟರ್‌ಗಳಲ್ಲಿ ಮೊದಲ ಅಡ್ಡಿ ಎದುರಾಗುವುದು ಇಲ್ಲಿಯೇ.

ತೆರೆದ ಕ್ಷಣದಿಂದಲೇ ಅದು ಇಡೀ ಸಿಸ್ಟಮ್‌ನ ಚಟುವಟಿಕೆಯನ್ನು ದಾಖಲಿಸತೊಡಗುತ್ತದೆ. ಸಾಲುಗಳು ಲಕ್ಷ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ಮೊದಲು ಕಂಟ್ರೋಲ್-ಇ ಒತ್ತಿ ದಾಖಲೆ ನಿಲ್ಲಿಸಿ, ಕಂಟ್ರೋಲ್-ಎಕ್ಸ್ ಒತ್ತಿ ಅಳಿಸಿ, ಕಂಟ್ರೋಲ್-ಎಲ್ ಒತ್ತಿ ಫಿಲ್ಟರ್‌ನಲ್ಲಿ ನಿಮ್ಮ ಆ್ಯಪ್‌ನ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಹೆಸರು ಕೊಡಿ. ನಂತರ ಮತ್ತೆ ಕಂಟ್ರೋಲ್-ಇ ಒತ್ತಿ, ಆ್ಯಪ್ ಓಡಿಸಿ, ಅದು ಬಿದ್ದ ತಕ್ಷಣ ನಿಲ್ಲಿಸಿ. ಇಲ್ಲಿ ತಿಳಿದಿರಬೇಕಾದ ಒಂದು ಸಂಗತಿ: ಫಿಲ್ಟರ್ ಬರೀ ಕಣ್ಣಿಗೆ ಕಾಣುವ ಸಾಲುಗಳನ್ನು ಕಡಿಮೆ ಮಾಡುತ್ತದೆ, ಹಿಂದೆ ಎಲ್ಲವೂ ಮೆಮೊರಿಯಲ್ಲಿ ತುಂಬುತ್ತಲೇ ಇರುತ್ತದೆ. ಗಂಟೆಗಟ್ಟಲೆ ಕಾಯಬೇಕಾದ ದೋಷವಾದರೆ ಫಿಲ್ಟರ್ ಮೆನುವಿನಲ್ಲಿ ‘ಡ್ರಾಪ್ ಫಿಲ್ಟರ್ಡ್ ಇವೆಂಟ್ಸ್’ ಆನ್ ಮಾಡಿ, ಫೈಲ್ ಮೆನುವಿನ ಬ್ಯಾಕಿಂಗ್ ಫೈಲ್ಸ್‌ನಲ್ಲಿ ಜಾಗವಿರುವ ಡಿಸ್ಕ್ ತೋರಿಸಿ. ಇಲ್ಲದಿದ್ದರೆ ನೀವು ಹುಡುಕುತ್ತಿರುವ ದೋಷಕ್ಕಿಂತ ಮೊದಲೇ ಮೆಮೊರಿ ಮುಗಿಯುತ್ತದೆ. ಹಿಂದಿನ ಸಲದ ಫಿಲ್ಟರ್ ಮುಂದಿನ ಸಲವೂ ಉಳಿದಿರುತ್ತದೆ, ಏನೂ ಕಾಣದಿದ್ದರೆ ಮೊದಲು ರೀಸೆಟ್ ಮಾಡಿ ನೋಡಿ.

ಹೊಸಬರು ಎಡವುವುದು ಫಲಿತಾಂಶದ ಕಾಲಮ್‌ನಲ್ಲಿ. ‘ನೇಮ್ ನಾಟ್ ಫೌಂಡ್’ ಎಂಬ ಸಾಲುಗಳು ಸಾವಿರಾರು ಇರುತ್ತವೆ, ಆರೋಗ್ಯವಾಗಿರುವ ಆ್ಯಪ್‌ನಲ್ಲೂ ಇರುತ್ತವೆ. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂಬ ರಿಜಿಸ್ಟ್ರಿ ಕೀಗಳನ್ನು ವಿಂಡೋಸ್ ಸದಾ ತಡಕುತ್ತಿರುತ್ತದೆ. ‘ಬಫರ್ ಓವರ್‌ಫ್ಲೋ’ ನೋಡಿ ಗಾಬರಿ ಬೇಡ. ಅದು ಭದ್ರತಾ ದೋಷವಲ್ಲ, ಕೇಳಿದ ಮಾಹಿತಿ ಕೊಟ್ಟ ಜಾಗದಲ್ಲಿ ಹಿಡಿಸಲಿಲ್ಲ ಎಂದಷ್ಟೇ ಅರ್ಥ. ಮುಂದಿನ ಸಾಲಿನಲ್ಲೇ ದೊಡ್ಡ ಬಫರ್ ಕೊಟ್ಟು ಮತ್ತೆ ಕೇಳಿರುವುದು ಸಾಮಾನ್ಯವಾಗಿ ಕಾಣುತ್ತದೆ. ‘ಫೈಲ್ ಲಾಕ್ಡ್ ವಿತ್ ಓನ್ಲಿ ರೀಡರ್ಸ್’ ಕೂಡ ಡಿಎಲ್‌ಎಲ್ ಲೋಡ್ ಆಗುವಾಗ ಬರುವ ಮಾಮೂಲು ಸಾಲು. ಗಮನ ಕೊಡಬೇಕಾದವು ಆಕ್ಸೆಸ್ ಡಿನೈಡ್ (ಅನುಮತಿ ಇಲ್ಲ), ಶೇರಿಂಗ್ ವಯೊಲೇಶನ್ (ಫೈಲನ್ನು ಬೇರೆ ಪ್ರಾಸೆಸ್ ಹಿಡಿದಿದೆ), ಮತ್ತು ಒಂದು ನಿರ್ದಿಷ್ಟ ಮಾದರಿಯಲ್ಲಿ ಬರುವ ನೇಮ್ ನಾಟ್ ಫೌಂಡ್.

ಆ ಮಾದರಿ ಹೀಗಿರುತ್ತದೆ. ಚಿತ್ರ ಸಂಸ್ಕರಣೆಯ ಪ್ಲಗಿನ್ ಒಂದು ಲೋಡ್ ಆಗುತ್ತಿಲ್ಲ ಎಂದಿಟ್ಟುಕೊಳ್ಳಿ. ಫಿಲ್ಟರ್‌ಗೆ ‘ಪಾತ್ ಎಂಡ್ಸ್ ವಿತ್ .ಡಿಎಲ್‌ಎಲ್’ ಸೇರಿಸಿ, ಪಟ್ಟಿಯ ತುದಿಗೆ ಹೋಗಿ, ಪ್ರಾಸೆಸ್ ಎಕ್ಸಿಟ್ ಸಾಲಿನಿಂದ ಅಥವಾ ದೋಷದ ಸಂದೇಶ ಬಂದ ಹೊತ್ತಿನಿಂದ ಮೇಲಕ್ಕೆ ಓದುತ್ತ ಬನ್ನಿ. ಪ್ಲಗಿನ್‌ನ ಕ್ರಿಯೇಟ್‌ಫೈಲ್ (ಫೈಲ್ ತೆರೆಯುವ ಕೋರಿಕೆ) ಸಾಲಿನಲ್ಲಿ ಸಕ್ಸೆಸ್ ಇದೆ, ಅಂದರೆ ಫೈಲ್ ಸಿಕ್ಕಿದೆ. ಅದರ ಕೆಳಗೆ ಟಿಬಿಬಿ12.ಡಿಎಲ್‌ಎಲ್ ಎಂಬ ಒಂದೇ ಹೆಸರು ಸಾಲಾಗಿ ಬರುತ್ತದೆ: ಮೊದಲು ಆ್ಯಪ್‌ನ ಫೋಲ್ಡರ್, ನಂತರ ಸಿಸ್ಟಮ್32, ಸಿಸ್ಟಮ್, ವಿಂಡೋಸ್ ಫೋಲ್ಡರ್, ಆಗಿನ ಕೆಲಸದ ಫೋಲ್ಡರ್, ಆಮೇಲೆ ಪಾತ್ ವೇರಿಯಬಲ್‌ನಲ್ಲಿರುವ (ವಿಂಡೋಸ್ ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ಒಂದೊಂದೇ ಫೋಲ್ಡರ್. ಎಲ್ಲದರ ಮುಂದೆಯೂ ನೇಮ್ ನಾಟ್ ಫೌಂಡ್, ಕೊನೆಯಲ್ಲಿ ಸಕ್ಸೆಸ್ ಇಲ್ಲವೇ ಇಲ್ಲ. ಬೇಕಾದ ಉತ್ತರ ಅದೇ. ಅದೇ ಹೆಸರು ಮೂರನೇ ಫೋಲ್ಡರ್‌ನಲ್ಲಿ ಸಿಕ್ಕಿದ್ದರೆ ಮೊದಲ ಎರಡು ಸಾಲುಗಳಿಗೆ ಬೆಲೆಯಿಲ್ಲ.

ಹೀಗೆ ಸಿಗುವ ಹೆಸರು ವಿಸಿರನ್‌ಟೈಮ್140ಡಿ ಅಥವಾ ಯುಸಿಆರ್‌ಟಿಬೇಸ್‌ಡಿ (ಸಿ++ ಆ್ಯಪ್‌ಗಳಿಗೆ ಬೇಕಾದ ಮೈಕ್ರೋಸಾಫ್ಟ್ ಲೈಬ್ರರಿಗಳು) ಆಗಿದ್ದರೆ ಆ ಫೈಲ್ ಹುಡುಕಿ ನಕಲು ಮಾಡಲು ಹೋಗಬೇಡಿ. ಕೊನೆಯ ‘ಡಿ’ ಡೀಬಗ್ ಬಿಲ್ಡ್‌ನ (ಡೆವಲಪರ್ ದೋಷ ಹುಡುಕಲು ಕಟ್ಟಿಕೊಳ್ಳುವ ಆವೃತ್ತಿ) ಗುರುತು. ಅವುಗಳನ್ನು ಹಂಚಲು ಅನುಮತಿಯಿಲ್ಲ, ಬಳಕೆದಾರರ ಕಂಪ್ಯೂಟರ್‌ನಲ್ಲಿ ಅವು ಇರುವುದೂ ಇಲ್ಲ. ರಿಲೀಸ್ ಬಿಲ್ಡ್ ಕಳಿಸುವುದೇ ಪರಿಹಾರ. ‘ಡಿ’ ಇಲ್ಲದ ವಿಸಿರನ್‌ಟೈಮ್140_1 ಸಿಗದಿದ್ದರೆ ಬೇರೆ ಕಾರಣ: ವಿಷುಯಲ್ ಸ್ಟುಡಿಯೋ 2019ರ ಕಾಲಕ್ಕೆ 64 ಬಿಟ್ ಆ್ಯಪ್‌ಗಳಿಗಾಗಿ ಸೇರಿದ ಫೈಲ್ ಅದು, ಹಳೆಯ ರೀಡಿಸ್ಟ್ರಿಬ್ಯೂಟಬಲ್‌ನಲ್ಲಿ (ಈ ಲೈಬ್ರರಿಗಳನ್ನು ಹಾಕುವ ಮೈಕ್ರೋಸಾಫ್ಟ್ ಪ್ಯಾಕೇಜ್) ಇರುವುದಿಲ್ಲ. ಹೊಸದನ್ನು ಹಾಕಿದರೆ ಮುಗಿಯಿತು.

‘ಐಡಿಇಯಿಂದ (ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದಂಥ ಸಾಧನ) ಓಡುತ್ತದೆ, ಡಬಲ್ ಕ್ಲಿಕ್ ಮಾಡಿದರೆ ಓಡುವುದಿಲ್ಲ’ ಎಂಬ ದೂರಿಗೆ ಡಿಎಲ್‌ಎಲ್ ಸಾಲುಗಳಿಗಿಂತ ಪ್ರಾಸೆಸ್ ಸ್ಟಾರ್ಟ್ ಸಾಲು ಹೆಚ್ಚು ಉಪಯುಕ್ತ. ಅದರ ವಿವರದಲ್ಲಿ ಕಮಾಂಡ್ ಲೈನ್, ಕೆಲಸದ ಫೋಲ್ಡರ್, ಎಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಇರುತ್ತವೆ. ಎರಡೂ ರೀತಿಯಲ್ಲಿ ಓಡಿಸಿ, ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಐಡಿಇ ತನ್ನದೇ ಫೋಲ್ಡರ್‌ಗಳನ್ನು ಪಾತ್‌ಗೆ ಸೇರಿಸಿರುವುದು, ಇಲ್ಲವೇ ಕೆಲಸದ ಫೋಲ್ಡರ್ ಬೇರೆಯಾಗಿ ಕಾನ್ಫಿಗ್ ಫೈಲ್‌ನ ಸಾಪೇಕ್ಷ ಪಾತ್ ತಪ್ಪಿರುವುದು ಅಲ್ಲೇ ಗೊತ್ತಾಗುತ್ತದೆ. ಪೈಥಾನ್‌ನಲ್ಲಿ ಕಟ್ಟಿದ ಆ್ಯಪ್ ಆದರೆ ಇನ್ನೊಂದು ಮಾತು: 3.8ರಿಂದ ಈಚೆಗೆ ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಶನ್ ಮಾಡ್ಯೂಲ್‌ಗಳ ಡಿಎಲ್‌ಎಲ್‌ಗಳಿಗಾಗಿ ಪಾತ್ ವೇರಿಯಬಲ್ ನೋಡುವುದನ್ನು ಪೈಥಾನ್ ಬಿಟ್ಟಿದೆ. ಆ ಫೋಲ್ಡರ್‌ಗಳನ್ನು ತಡಕಿದ ಸಾಲುಗಳೇ ಇಲ್ಲದಿದ್ದರೆ ಕಾರಣ ಇದು. ಓಎಸ್ ಮಾಡ್ಯೂಲ್‌ನ ಆ್ಯಡ್_ಡಿಎಲ್‌ಎಲ್_ಡೈರೆಕ್ಟರಿ ಬಳಸಿ ಫೋಲ್ಡರ್ ಸೇರಿಸಿ.

ಆಕ್ಸೆಸ್ ಡಿನೈಡ್ ಬಂದಲ್ಲಿ ವಿವರದ ಕಾಲಮ್‌ನ ‘ಡಿಸೈರ್ಡ್ ಆಕ್ಸೆಸ್’ ಓದದೆ ಮುಂದೆ ಹೋಗಬೇಡಿ. ಬರೀ ಓದಬೇಕಾದ ರಿಜಿಸ್ಟ್ರಿ ಕೀಯನ್ನು ಪೂರ್ಣ ಹಕ್ಕು ಕೇಳಿ ತೆರೆಯುವ ಕೋಡ್ ಬಹಳ ಇದೆ. ಡೆವಲಪರ್ ಅಡ್ಮಿನ್ ಆಗಿ ಓಡಿಸಿದಾಗ ಸಾಗುತ್ತದೆ, ಬಳಕೆದಾರರಲ್ಲಿ ಬೀಳುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿ’ ಎಂದು ಹೇಳಿ ಕೈತೊಳೆದುಕೊಳ್ಳುವ ಬದಲು ಕೇಳುವ ಹಕ್ಕನ್ನು ಕಡಿಮೆ ಮಾಡಿ.

ಬಿಲ್ಡ್ ಸಮಸ್ಯೆಗಳಲ್ಲಿ ಫಿಲ್ಟರ್ ತಿರುವುಮುರುವಾಗಬೇಕು: ಪ್ರಾಸೆಸ್ ಹೆಸರನ್ನು ಬಿಟ್ಟು ಫೈಲ್‌ನ ಪಾತ್ ಕೊಡಿ. ಕೋಡ್ ತುಣುಕುಗಳನ್ನು ಜೋಡಿಸುವ ಲಿಂಕರ್ ಎಲ್‌ಎನ್‌ಕೆ1104 (ಫೈಲ್ ತೆರೆಯಲಾಗಲಿಲ್ಲ) ಎಂದು ಹೇಳಿದಾಗ, ಅಥವಾ ಬಿಲ್ಡ್ ನಡೆಸುವ ಎಂಎಸ್‌ಬಿಲ್ಡ್ ಹಲವು ಸಲ ಪ್ರಯತ್ನಿಸಿ ಎಂಎಸ್‌ಬಿ3027 (ಫೈಲ್ ನಕಲು ಮಾಡಲಾಗಲಿಲ್ಲ) ಎಂದು ಕೈಚೆಲ್ಲಿದಾಗ, ಔಟ್‌ಪುಟ್ ಫೈಲ್‌ನ ಹೆಸರಿನಿಂದ ಫಿಲ್ಟರ್ ಮಾಡಿದರೆ ಶೇರಿಂಗ್ ವಯೊಲೇಶನ್ ಸಾಲಿನ ಸ್ವಲ್ಪ ಮೇಲೆ ಆ ಫೈಲನ್ನು ತೆರೆದು ಇನ್ನೂ ಮುಚ್ಚದ ಪ್ರಾಸೆಸ್ ಕಾಣುತ್ತದೆ. ಅದು ಹಿಂದಿನ ಸಲ ಓಡಿಸಿ ಮುಚ್ಚದೆ ಉಳಿದ ಆ್ಯಪ್ ಆಗಿರಬಹುದು, ಹೊಸ ಇಎಕ್ಸ್‌ಇಯನ್ನು ಪರೀಕ್ಷಿಸುತ್ತಿರುವ ಆಂಟಿವೈರಸ್ ಆಗಿರಬಹುದು. ಮುಂದಿನ ಬಿಲ್ಡ್‌ಗೆಂದು ಹಿನ್ನೆಲೆಯಲ್ಲಿ ಕಾದು ಕುಳಿತ ಎಂಎಸ್‌ಬಿಲ್ಡ್ ನೋಡ್ ಆದರೆ ನೋಡ್‌ರೀಯೂಸ್ ಆಯ್ಕೆಯನ್ನು ಫಾಲ್ಸ್ ಮಾಡಿ ಓಡಿಸಿ. ಆದರೆ ದಾಖಲೆ ಶುರುವಾಗುವ ಮೊದಲೇ ಯಾರಾದರೂ ಫೈಲ್ ತೆರೆದಿಟ್ಟಿದ್ದರೆ ಪ್ರಾಸೆಸ್ ಮಾನಿಟರ್‌ಗೆ ಅದು ಗೊತ್ತಾಗುವುದಿಲ್ಲ. ಆಗ ಸಿಸ್‌ಇಂಟರ್ನಲ್ಸ್‌ನದೇ ಪ್ರಾಸೆಸ್ ಎಕ್ಸ್‌ಪ್ಲೋರರ್ ತೆರೆದು ಕಂಟ್ರೋಲ್-ಎಫ್ ಒತ್ತಿ ಹ್ಯಾಂಡಲ್ (ಪ್ರಾಸೆಸ್ ತೆರೆದಿಟ್ಟ ಫೈಲ್‌ನ ಹಿಡಿತ) ಹುಡುಕಬೇಕು.

ಹೆಡರ್ (ಕೋಡ್‌ಗೆ ಸೇರಿಸಿಕೊಳ್ಳುವ ಘೋಷಣೆಗಳ ಫೈಲ್) ಸಿಗದ ಸಿ1083 ದೋಷದಲ್ಲೂ ಕಂಪೈಲರ್ ಯಾವ ಯಾವ ಇನ್‌ಕ್ಲೂಡ್ ಫೋಲ್ಡರ್ ತಡಕಿತು ಎಂಬುದು ಸಾಲುಸಾಲಾಗಿ ಸಿಗುತ್ತದೆ. ‘ಪಾತ್ ನಾಟ್ ಫೌಂಡ್’ ಬಂದರೆ ಫೋಲ್ಡರೇ ಇಲ್ಲ, ‘ನೇಮ್ ನಾಟ್ ಫೌಂಡ್’ ಬಂದರೆ ಫೋಲ್ಡರ್ ಇದೆ, ಫೈಲ್ ಇಲ್ಲ. ಈ ಒಂದು ವ್ಯತ್ಯಾಸದಿಂದಲೇ ಪ್ರಾಜೆಕ್ಟ್ ಸೆಟ್ಟಿಂಗ್ ತಪ್ಪೋ ಪ್ಯಾಕೇಜ್ ಅರೆಬರೆ ಇಳಿದಿದೆಯೋ ತಿಳಿಯುತ್ತದೆ.

ಇನ್ನು ಇದರ ಕೈಗೆ ಎಟುಕದ ಸಂಗತಿಗಳು. ಆ್ಯಪ್ ಸಿ0000135 ಕೋಡ್‌ನೊಂದಿಗೆ ಬಿದ್ದರೆ ಡಿಎಲ್‌ಎಲ್ ಸಿಕ್ಕಿಲ್ಲ ಎಂದರ್ಥ, ಅದು ಪ್ರಾಸೆಸ್ ಮಾನಿಟರ್‌ನ ಕ್ಷೇತ್ರ. ಸಿ000007ಬಿ ಎಂದರೆ ಸಾಮಾನ್ಯವಾಗಿ 32 ಮತ್ತು 64 ಬಿಟ್ ಬೆರಕೆ. ಯಾವ ಫೋಲ್ಡರ್‌ನಿಂದ ಯಾವ ಪ್ರತಿ ತೆರೆಯಿತು ಎಂದು ಇಲ್ಲಿ ತಿಳಿಯುತ್ತದೆ, ಅದು ಎಷ್ಟು ಬಿಟ್ ಎಂದು ತಿಳಿಯಲು ವಿಷುಯಲ್ ಸ್ಟುಡಿಯೋ ಜೊತೆ ಬರುವ ಡಂಪ್‌ಬಿನ್‌ನ ಹೆಡರ್ಸ್ ಆಯ್ಕೆ ಬೇಕು: 8664 ಇದ್ದರೆ 64 ಬಿಟ್, 14ಸಿ ಇದ್ದರೆ 32 ಬಿಟ್. ಸಿ0000139 ಎಂದರೆ ಫೈಲ್ ಸಿಕ್ಕಿದೆ, ಅದರೊಳಗೆ ಬೇಕಾದ ಫಂಕ್ಷನ್ ಇಲ್ಲ. ಇಲ್ಲಿ ಎಲ್ಲ ಸಾಲುಗಳೂ ಸಕ್ಸೆಸ್ ಎಂದೇ ಇದ್ದು ದಾರಿ ತಪ್ಪಿಸಬಹುದು. ಡಂಪ್‌ಬಿನ್‌ನ ಎಕ್ಸ್‌ಪೋರ್ಟ್ಸ್ ನೋಡಿ, ಇಲ್ಲವೇ ವಿಂಡೋಸ್ ಡೀಬಗಿಂಗ್ ಸಾಧನವಾದ ಜಿಫ್ಲ್ಯಾಗ್ಸ್‌ನಲ್ಲಿ ಲೋಡರ್ ಸ್ನ್ಯಾಪ್ಸ್ (ಡಿಎಲ್‌ಎಲ್ ಲೋಡ್ ಆಗುವ ಹಂತಗಳ ವರದಿ) ಆನ್ ಮಾಡಿ ಡೀಬಗರ್‌ನಲ್ಲಿ ಓದಿ. ಸಿ0000005, ಅಂದರೆ ಆಕ್ಸೆಸ್ ವಯೊಲೇಶನ್ ಆದರೆ ಪ್ರಾಸೆಸ್ ಮಾನಿಟರ್ ಮುಚ್ಚಿ, ಪ್ರಾಕ್‌ಡಂಪ್‌ನಿಂದ ಡಂಪ್ (ಪ್ರಾಸೆಸ್‌ನ ಮೆಮೊರಿಯ ನಕಲು) ತೆಗೆದು ವಿನ್‌ಡಿಬಿಜಿ ಡೀಬಗರ್‌ಗೆ ಕೊಡಿ. ವಿಂಡೋ ಹೆಪ್ಪುಗಟ್ಟುವುದು, ಮೆಮೊರಿ ಸೋರಿಕೆ, ಥ್ರೆಡ್‌ಗಳ ಡೆಡ್‌ಲಾಕ್ ಇವಕ್ಕೂ ಇದು ಸರಿಯಾದ ಸಾಧನವಲ್ಲ.

ಬಳಕೆದಾರರಿಂದ ದಾಖಲೆ ತರಿಸಿಕೊಳ್ಳುವಾಗ ಸಿಎಸ್‌ವಿ ಬೇಡ. ಪ್ರಾಸೆಸ್ ಮಾನಿಟರ್‌ನದೇ ಆದ ಪಿಎಂಎಲ್ ರೂಪದಲ್ಲಿ, ‘ಆಲ್ ಇವೆಂಟ್ಸ್’ ಆಯ್ದು ಉಳಿಸಲು ಹೇಳಿ. ಹಾಗಿದ್ದರೆ ಮಾತ್ರ ನಿಮ್ಮಲ್ಲಿ ಫಿಲ್ಟರ್ ಬದಲಿಸಿ ಮತ್ತೆ ಮತ್ತೆ ನೋಡಬಹುದು, ಪ್ರತಿ ಸಾಲಿನ ಸ್ಟ್ಯಾಕ್ (ಫಂಕ್ಷನ್ ಕರೆಗಳ ಸರಣಿ) ತೆರೆದು ನಿಮ್ಮ ಕೋಡ್‌ನ ಯಾವ ಫಂಕ್ಷನ್ ಆ ಫೈಲನ್ನು ಕೇಳಿತು ಎಂದು ಹುಡುಕಬಹುದು. ಅದಕ್ಕೆ ಆ ಬಿಲ್ಡ್‌ನ ಪಿಡಿಬಿ ಫೈಲ್‌ಗಳನ್ನು (ಫಂಕ್ಷನ್ ಹೆಸರುಗಳ ಮಾಹಿತಿ ಇರುವವು) ಜೋಪಾನ ಮಾಡಿರಬೇಕು, ‘ಕಾನ್ಫಿಗರ್ ಸಿಂಬಲ್ಸ್’ನಲ್ಲಿ ಅವುಗಳ ಫೋಲ್ಡರ್ ತೋರಿಸಿರಬೇಕು. ಜೊತೆಗೆ ಒಂದು ಎಚ್ಚರಿಕೆಯನ್ನು ಬಳಕೆದಾರರಿಗೆ ಮೊದಲೇ ತಿಳಿಸುವುದು ನಿಮ್ಮ ಹೊಣೆ: ಆ ಫೈಲ್‌ನಲ್ಲಿ ಅವರ ಯೂಸರ್ ಹೆಸರು, ಬೇರೆ ಆ್ಯಪ್‌ಗಳಲ್ಲಿ ತೆರೆದ ಕಡತಗಳ ಹೆಸರು, ಕಮಾಂಡ್ ಲೈನ್‌ನಲ್ಲೋ ಎನ್ವಿರಾನ್‌ಮೆಂಟ್‌ನಲ್ಲೋ ಇಟ್ಟ ಪಾಸ್‌ವರ್ಡ್ ಮತ್ತು ಟೋಕನ್‌ಗಳು ಸಹ ಇರುತ್ತವೆ. ಬೇರೆಲ್ಲ ಆ್ಯಪ್‌ಗಳನ್ನು ಮುಚ್ಚಿ, ನಿಮ್ಮ ಪ್ರಾಸೆಸ್‌ಗಷ್ಟೇ ಫಿಲ್ಟರ್ ಹಾಕಿ, ಡ್ರಾಪ್ ಆಯ್ಕೆ ಆನ್ ಮಾಡಿ ದಾಖಲಿಸಲು ಹೇಳಿದರೆ ಬರುವ ಫೈಲ್ ಚಿಕ್ಕದಾಗಿರುತ್ತದೆ, ಅವರ ಖಾಸಗಿ ವಿವರಗಳೂ ಹೆಚ್ಚು ಹೊರಬೀಳುವುದಿಲ್ಲ.