ರಿಯೂನಿಯನ್ ದ್ವೀಪದ ಕಾರು ಪ್ರವಾಸ: ಮಾಟುಂಗಾದ ಒಂದು ಯೋಜನಾ ಸೇವೆಯ ವಿಮರ್ಶೆ

ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ನಾನು, ನನ್ನ ಹೆಂಡತಿ ಮತ್ತು ಮಗಳು ಹಿಂದೂ ಮಹಾಸಾಗರದಲ್ಲಿ ಮಾರಿಷಸ್‌ಗೆ ಸಮೀಪವಿರುವ ರಿಯೂನಿಯನ್ ದ್ವೀಪಕ್ಕೆ ಹೋಗಿ, ಅಲ್ಲಿ ಬಾಡಿಗೆಗೆ ಕಾರು ಪಡೆದು, ಏಳು ರಾತ್ರಿಗಳಲ್ಲಿ ದ್ವೀಪವನ್ನು ಸುತ್ತಿ ಬಂದೆವು. ಹೊರಡುವ ಮುನ್ನ ನಮ್ಮ ಕೈಯಲ್ಲಿ ಎರಡು ಯೋಜನೆಗಳಿದ್ದವು. ಮೊದಲನೆಯದು ಮುಂಬಯಿಯ ದೊಡ್ಡ ಪ್ರವಾಸ ಸಂಸ್ಥೆಯೊಂದು ಬಣ್ಣದ ಪುಟಗಳಲ್ಲಿ ಸಿದ್ಧಪಡಿಸಿ ಕಳುಹಿಸಿದ್ದು. ಎರಡನೆಯದು ಮಾಟುಂಗಾ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್‌ಗೆ ಸಮೀಪದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಕುಮಟಾ ಕಡೆಯ ಮಹಿಳೆಯೊಬ್ಬರು ನಡೆಸುವ ಸಣ್ಣ ಕಚೇರಿಯಿಂದ ಬಂದದ್ದು. ನಾವು ನಂಬಿ ನಡೆದದ್ದು ಎರಡನೆಯದನ್ನು. ಈ ಸೇವೆಯಲ್ಲಿ ನಾನು ಕಂಡ ಎರಡು ಲೋಪಗಳನ್ನೂ ಬರೆಯಲಿರುವುದರಿಂದ ಹೆಸರನ್ನು ಹೇಳುತ್ತಿಲ್ಲ. ಮಾಟುಂಗಾದ ಕನ್ನಡಿಗರಲ್ಲಿ ವಿಚಾರಿಸಿದರೆ ವಿಳಾಸ ತಿಳಿಯುವುದು ಕಷ್ಟವಲ್ಲ.

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬಹುಕಾಲ ಭೂಗೋಳ ಕಲಿಸಿದ ನನಗೆ ಈ ದ್ವೀಪದ ಮೇಲಿನ ಆಸೆ ಹಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರಪದರವಾಗಿ ಹರಿದು ದಖ್ಖನ್ನಿನ ಕರಿಗಲ್ಲಿನ ಪ್ರಸ್ಥಭೂಮಿಯಾಯಿತಲ್ಲ, ಅದಕ್ಕೆ ಕಾರಣವಾದ ಭೂಗರ್ಭದ ಬಿಸಿತಾಣವೇ (ಆಳದಿಂದ ಕರಗಿದ ಕಲ್ಲು ಮೇಲೇಳುವ ಜಾಗ) ಇಂದು ರಿಯೂನಿಯನ್ನಿನ ಕೆಳಗಿದೆ ಎಂಬುದು ಭೂವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪಿರುವ ವಿವರಣೆ. ಭಾರತದ ನೆಲ ಉತ್ತರಕ್ಕೆ ಸರಿಯುತ್ತ ಬಂದಿತು, ಬಿಸಿತಾಣ ಹಿಂದೆಯೇ ಉಳಿಯಿತು. ಖಂಡಾಲಾ ಘಟ್ಟದ ಬಂಡೆ, ಘಾರಾಪುರಿಯ ಗುಹೆಗಳನ್ನು ಕೊರೆದ ಕಲ್ಲು, ಅಂಧೇರಿಯಲ್ಲಿ ಕಟ್ಟಡಗಳ ನಡುವೆ ಕಂಬಗಳ ಕಟ್ಟಿನಂತೆ ನಿಂತಿರುವ ಗಿಲ್ಬರ್ಟ್ ಹಿಲ್, ಇವೆಲ್ಲಕ್ಕೂ ಆ ದೂರದ ದ್ವೀಪಕ್ಕೂ ಇರುವ ಈ ನಂಟನ್ನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಕರಗಿದ ಕಲ್ಲು ಈಗಲೂ ಹೊರಬರುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನಿವೃತ್ತಿಯ ದಿನವೇ ನಿಶ್ಚಯಿಸಿದ್ದೆ.

ದೊಡ್ಡ ಸಂಸ್ಥೆಯ ಯೋಜನೆಯನ್ನು ಬದಿಗಿಟ್ಟದ್ದೇಕೆಂದು ಹೇಳದೆ ಮಾಟುಂಗಾದ ಸೇವೆಯ ಬೆಲೆ ತಿಳಿಯುವುದಿಲ್ಲ. ದ್ವೀಪದ ಕರಾವಳಿಯ ಸುತ್ತಿನ ರಸ್ತೆ ಸುಮಾರು 200 ಕಿ.ಮೀ. ಅಷ್ಟೇ ಎಂಬುದನ್ನು ನೋಡಿ, ಅವರು ಇಡೀ ಸುತ್ತನ್ನು ಒಂದು ದಿನಕ್ಕೆ ಇಟ್ಟಿದ್ದರು. ಜ್ವಾಲಾಮುಖಿಯನ್ನು ಮಧ್ಯಾಹ್ನದ ಊಟದ ನಂತರಕ್ಕೆ, ಸಿಲಾವೊಸ್ ಕಣಿವೆಯನ್ನು ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಒಂದೇ ದಿನದ ಕಾರ್ಯಕ್ರಮವಾಗಿ ಹಾಕಿದ್ದರು. ಈ ಪಟ್ಟಿಯನ್ನು ನಾನು ಮಾಟುಂಗಾದ ಕಚೇರಿಗೆ ಒಯ್ದಾಗ ಆಕೆ ಅದನ್ನು ತಾಳ್ಮೆಯಿಂದ ಪೂರ್ತಿ ಓದಿ, ಮೇಜಿನ ಮೇಲೆ ದ್ವೀಪದ ನಕಾಶೆಯನ್ನು ಹಾಸಿ, “ಮೇಷ್ಟ್ರೇ, ಅಲ್ಲಿ ಕಿಲೋಮೀಟರು ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಎತ್ತರ, ಎಷ್ಟು ತಿರುವು, ಮೋಡ ಎಷ್ಟು ಗಂಟೆಗೆ ಏರುತ್ತದೆ, ಈ ಮೂರನ್ನು ಮೊದಲು ಬರೆದುಕೊಳ್ಳೋಣ” ಎಂದರು. ಅವರು ಮಾಡಿಕೊಟ್ಟ ಯೋಜನೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು, ಮತ್ತು ಆ ಮಾತು ಅಕ್ಷರಶಃ ನಿಜವೆಂದು ಅಲ್ಲಿ ಕಂಡುಕೊಂಡೆವು.

ಆ ದ್ವೀಪದ ರಚನೆಯೇ ಹಾಗಿದೆ. 2,512 ಚದರ ಕಿ.ಮೀ. ನೆಲದ ನಡುವೆ 3,070 ಮೀಟರ್ ಎತ್ತರದ ಪಿತೋಂ ದೆ ನೇಜ್ ಎಂಬ ಆರಿದ ಜ್ವಾಲಾಮುಖಿ. ಅದರ ಆಗ್ನೇಯಕ್ಕೆ 2,632 ಮೀಟರ್ ಎತ್ತರದ, ಈಗಲೂ ಆಗಾಗ ಉಕ್ಕುವ ಪಿತೋಂ ದ ಲಾ ಫೂರ್ನೇಜ್. ಹಳೆಯ ಪರ್ವತದ ಮೈ ಕುಸಿದು, ಸವೆದು ಸಿಲಾವೊಸ್, ಸಾಲಾಜಿ, ಮಾಫಾತ್ ಎಂಬ ಮೂರು ಆಳವಾದ ಬೋಗುಣಿಗಳಾಗಿವೆ. ಮಾಫಾತ್‌ಗೆ ಇಂದಿಗೂ ವಾಹನದ ರಸ್ತೆಯಿಲ್ಲ, ನಡೆದೇ ಹೋಗಬೇಕು ಅಥವಾ ಹೆಲಿಕಾಪ್ಟರ್ ಹತ್ತಬೇಕು. ಪೂರ್ವದ ಗಾಳಿ ಸಮುದ್ರದ ತೇವವನ್ನು ಹೊತ್ತು ತಂದು ಈ ಗೋಡೆಗೆ ಬಡಿಯುವುದರಿಂದ ಪೂರ್ವ ಭಾಗ ವರ್ಷವಿಡೀ ಹಸುರು, ಪಶ್ಚಿಮ ಒಣ. ಮಹಾಬಳೇಶ್ವರದಿಂದ ವಾಯಿಗೆ ಇಳಿಯುವಾಗ ಕಾಣುವ ವ್ಯತ್ಯಾಸದ ದೊಡ್ಡ ರೂಪವಿದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿ.ಮೀ. ಮಳೆಯನ್ನು ಮುಂಬಯಿಯವರು ಮರೆತಿಲ್ಲ. ಈ ದ್ವೀಪದ ಫೋಕ್ ಫೋಕ್ ಎಂಬಲ್ಲಿ 1966ರ ಜನವರಿಯಲ್ಲಿ 24 ಗಂಟೆಗಳಲ್ಲಿ 1,825 ಮಿ.ಮೀ. ಬಿದ್ದಿತ್ತು. ಚಂಡಮಾರುತಗಳ ಕಾಲವಾದ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳನ್ನು ಬಿಟ್ಟು ಸೆಪ್ಟೆಂಬರ್ ಆರಿಸಿದ್ದು ಈ ಕಾರಣಕ್ಕೇ.

ಕಾಗದಪತ್ರಗಳ ವಿಷಯದಲ್ಲಿ ಅವರ ಸಲಹೆ ಚುಟುಕಾಗಿ, ಸರಿಯಾಗಿ ಇತ್ತು. ರಿಯೂನಿಯನ್ ಫ್ರಾನ್ಸಿನದೇ ಭಾಗವಾಗಿದ್ದು ಅಲ್ಲಿ ಯೂರೋ ನಾಣ್ಯವೇ ನಡೆಯುತ್ತದಾದರೂ ಅದು ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಶೆಂಗೆನ್ ವಲಯಕ್ಕೆ ಸೇರಿಲ್ಲ. ಆದ್ದರಿಂದ ವೀಸಾ ಅರ್ಜಿಯಲ್ಲಿ ಗಮ್ಯಸ್ಥಾನವನ್ನು ರಿಯೂನಿಯನ್ ಎಂದೇ ಸ್ಪಷ್ಟವಾಗಿ ಬರೆಯಬೇಕೆಂದು ಮೊದಲ ಭೇಟಿಯಲ್ಲೇ ಎಚ್ಚರಿಸಿದರು. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆಯಲು, ಗೇರು ಬದಲಿಸುವ ಗೊಡವೆಯಿಲ್ಲದ ಆಟೋಮ್ಯಾಟಿಕ್ ಕಾರನ್ನು ಮುಂಚಿತವಾಗಿಯೇ ಕಾದಿರಿಸಲು ಹೇಳಿದರು. ವಿಮಾನದ ಟಿಕೆಟ್, ವಸತಿ, ಕಾರು ಯಾವುದನ್ನೂ ಅವರು ಮಾರುವುದಿಲ್ಲ. ಯೋಜನೆ ಮಾತ್ರ ಅವರದು, ಉಳಿದುದನ್ನು ನಾವೇ ಮಾಡಿಕೊಳ್ಳಬೇಕು. ಮೂವರ ಈ ಯೋಜನೆಗೆ ನಾವು ಕೊಟ್ಟದ್ದು 12,000 ರೂಪಾಯಿ. ಕಮಿಷನ್ನಿನ ಆಸೆಯಿಲ್ಲದ ಕಾರಣ, ಇಂಥ ಹೋಟೆಲಿಗೇ ಹೋಗಿ ಎಂಬ ಒತ್ತಾಯ ಎಲ್ಲಿಯೂ ಬರಲಿಲ್ಲ.

ಯೋಜನೆಯ ಜಾಣ್ಮೆ ಸಣ್ಣ ಸಂಗತಿಗಳಲ್ಲಿ ಕಾಣುತ್ತಿತ್ತು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಮುಲುಂಡ್‌ನಿಂದ ಠಾಣೆಗೆ ದಿನವೂ ಎಡಬದಿಯಲ್ಲಿ ಕಾರು ನಡೆಸುವ ಮಗಳಿಗೆ ಇದು ಹೊಸದೆಂದು ತಿಳಿದು, ದ್ವೀಪವನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ ಸುತ್ತಿರಿ ಎಂದು ಬರೆದಿದ್ದರು. ಹಾಗೆ ಹೋದರೆ ನಮ್ಮ ಕಾರು ಬೆಟ್ಟದ ಕಡೆ ಇರುತ್ತದೆ, ಸಮುದ್ರದ ಅಂಚು ಎದುರಿನ ಸಾಲಿಗೆ ಹೋಗುತ್ತದೆ. ಮೊದಲ ರಾತ್ರಿಯನ್ನು ವಿಮಾನ ನಿಲ್ದಾಣಕ್ಕೆ ಹತ್ತಿರದ ಸೇಂತ್ ಸ್ಯುಜಾನ್‌ನಲ್ಲಿ ಇಟ್ಟದ್ದೂ, ಮಾರಿಷಸ್‌ನಲ್ಲಿ ವಿಮಾನ ಬದಲಿಸಿ ದಣಿದು ಬಂದವಳು ಅಪರಿಚಿತ ರಸ್ತೆಯಲ್ಲಿ ದೂರ ಓಡಿಸಬಾರದೆಂದೇ. ವೃತ್ತಗಳಲ್ಲಿ ಎಡಗಡೆಯಿಂದ ಬರುವ, ಆಗಲೇ ವೃತ್ತದೊಳಗಿರುವ ವಾಹನಕ್ಕೆ ಮೊದಲ ದಾರಿ ಎಂಬುದನ್ನು ಚಿತ್ರ ಬರೆದು ತೋರಿಸಿದ್ದರು. ನನ್ನ ಹೆಂಡತಿಯ ಕೈಗೆ, ಮಾಂಸ ಬೇಡ, ಮೀನು ಬೇಡ ಎಂಬುದಕ್ಕೆ “ಸಾಂ ವಿಯಾಂದ್, ಸಾಂ ಪುವಾಸೋಂ” ಎಂದು ಫ್ರೆಂಚ್ ಮಾತನ್ನು ಕನ್ನಡ ಅಕ್ಷರಗಳಲ್ಲಿ ಬರೆದ ಚೀಟಿ ಕೊಟ್ಟಿದ್ದರು. ಆ ಚೀಟಿಯ ಬಲದಿಂದ ಅನ್ನ, ಬೇಯಿಸಿದ ಸೊಪ್ಪು, ಮಸೂರಿನಂಥ ಬೇಳೆ, ಖಾರದ ಅಚಾರು ಎಲ್ಲ ಊರಿನಲ್ಲೂ ಸಿಕ್ಕಿತು. ಸಿಲಾವೊಸ್‌ನಲ್ಲಿ ಬೆಳೆಯುವ ಸಣ್ಣ ಬೇಳೆಯ ರುಚಿಯನ್ನು ನನ್ನ ಹೆಂಡತಿ ಇನ್ನೂ ನೆನೆಯುತ್ತಾಳೆ.

ಎರಡನೆಯ ರಾತ್ರಿ ಸಾಲಾಜಿ ಕಣಿವೆಯ ಎಲ್ ಬೂರ್ ಎಂಬ ಹಳ್ಳಿಯಲ್ಲಿ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಗೋಡೆಯಂಥ ಬೆಟ್ಟಗಳಿಂದ ಜಲಪಾತಗಳು ಇಳಿಯುತ್ತಿದ್ದವು. ಶಿರಸಿ ಸೀಮೆಯ ಶ್ರಾವಣವನ್ನು ಬಲ್ಲ ನಾವು ಕೂಡ ಆ ಹಸುರಿನ ದಟ್ಟಣೆಗೆ ಬೆರಗಾದೆವು.

ಮೂರನೆಯ ದಿನದ ದಾರಿಗಾಗಿಯೇ ಈ ಪ್ರವಾಸ ಮಾಡಬಹುದು. ಪೂರ್ವ ಕರಾವಳಿಯ ಸೇಂತ್ ರೋಜ್ ದಾಟಿದ ಮೇಲೆ ಹೆದ್ದಾರಿ ಗ್ರಾಂ ಬ್ರೂಲೆ ಎಂಬ ಇಳಿಜಾರನ್ನು ಹಾಯುತ್ತದೆ. ಜ್ವಾಲಾಮುಖಿಯಿಂದ ಸಮುದ್ರದವರೆಗೆ ಹರಿದ ಲಾವಾದ ಹಾದಿಗಳು ರಸ್ತೆಯನ್ನು ಮತ್ತೆ ಮತ್ತೆ ಕಡಿದಿವೆ, ಮತ್ತೆ ಮತ್ತೆ ರಸ್ತೆ ಹಾಕಿದ್ದಾರೆ. ಪ್ರತಿಯೊಂದು ಹರಿವಿನ ಪಕ್ಕದಲ್ಲೂ ಅದರ ವರ್ಷವನ್ನು ಬರೆದ ಫಲಕವಿದೆ. ನಮ್ಮ ಯೋಜನೆಯ ಹಾಳೆಯಲ್ಲಿ ಇಲ್ಲಿ ಎರಡು ಗಂಟೆ ಖಾಲಿ ಬಿಟ್ಟು, “ವರ್ಷಗಳನ್ನು ಓದುತ್ತ ನಿಧಾನವಾಗಿ ಹೋಗಿ” ಎಂದಷ್ಟೇ ಬರೆದಿತ್ತು. ಹಾಗೆಯೇ ಮಾಡಿದೆವು. 2007ರ ಏಪ್ರಿಲ್‌ನ ಹರಿವಿನ ಮೇಲೆ ಬೂದು ಬಣ್ಣದ ಕಲ್ಲುಹೂವು ಹಬ್ಬಿ, ಬಿರುಕುಗಳಲ್ಲಿ ಜರೀಗಿಡಗಳು ತಲೆಯೆತ್ತಿದ್ದವು. ಅದಕ್ಕಿಂತ ಹಳೆಯ ಹರಿವುಗಳಲ್ಲಿ ಪೊದೆ, ಇನ್ನೂ ಹಳೆಯದರಲ್ಲಿ ಕಾಡು. ಬರಿಗಲ್ಲು ಮಣ್ಣಾಗುವ ಬಗೆಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ, ಅದರ ಹಂತಗಳೆಲ್ಲ ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿದ್ದವು. ಸೇಂತ್ ರೋಜ್‌ಗೆ ಸೇರಿದ ಒಂದು ಊರಿನಲ್ಲಿ 1977ರ ಲಾವಾ ಮನೆಗಳನ್ನು ಸುಟ್ಟು ಬಂದು ಚರ್ಚಿನ ಬಾಗಿಲಿನಲ್ಲಿ ಕವಲಾಗಿ ಎರಡೂ ಬದಿಗೆ ಸರಿದುಹೋದ ಗುರುತೂ ಇದೆ. ನನ್ನ ಹೆಂಡತಿ ಅಲ್ಲಿ ಕೈಮುಗಿದು ಬಹಳ ಹೊತ್ತು ನಿಂತಿದ್ದಳು.

ಜ್ವಾಲಾಮುಖಿಗಾಗಿ ಬೂರ್ ಮ್ಯೂರಾ ಎಂಬ ಎತ್ತರದ ಹಳ್ಳಿಯಲ್ಲಿ ಒಂದಲ್ಲ, ಎರಡು ರಾತ್ರಿ ಇಡಿಸಿದ್ದರು. “ಒಂದು ಬೆಳಗು ಮೋಡಕ್ಕೆ ಹೋಗಬಹುದು, ಇನ್ನೊಂದು ನಿಮಗೆ ಉಳಿಯುತ್ತದೆ” ಎಂಬುದು ಅವರ ಲೆಕ್ಕ. ಒಂದು ರಾತ್ರಿಯ ಹೆಚ್ಚುವರಿ ಬಾಡಿಗೆಯನ್ನು ಕಂಡು ನಾನು ಮಾಟುಂಗಾದಲ್ಲಿ ಸ್ವಲ್ಪ ವಾದ ಮಾಡಿದ್ದೆ, ಅವರು ಮಣಿಯಲಿಲ್ಲ. ಮೊದಲ ಬೆಳಿಗ್ಗೆ ಎದ್ದಾಗ ಕಿಟಕಿಯಾಚೆ ಬಿಳಿಯ ಗೋಡೆ, ಹನಿ ಮಳೆ. ಆ ದಿನ ಊರಿನ ಜ್ವಾಲಾಮುಖಿ ಸಂಗ್ರಹಾಲಯದಲ್ಲಿ ಕಳೆದೆವು. ಮರುದಿನ ಕತ್ತಲಿನಲ್ಲೇ ಹೊರಟು, ಸುಮಾರು 23 ಕಿ.ಮೀ. ಕಾಡುರಸ್ತೆ ಏರಿ, ಹುಲ್ಲುಗಾವಲು ಮುಗಿದು ಕೆಂಪುಕಪ್ಪು ಮರಳಿನ ಬಯಲು ತೆರೆದುಕೊಂಡಾಗ ಆಕಾಶ ತಿಳಿಯಾಗಿತ್ತು. ಬಯಲಿನ ರಸ್ತೆಗೆ ಡಾಂಬರಿಲ್ಲ, ಗುಂಡಿಗಳೇ ಹೆಚ್ಚು. 2,311 ಮೀಟರ್ ಎತ್ತರದ ಪಾ ದ ಬೆಲ್‌ಕೋಂಬ್ ಅಂಚಿನಲ್ಲಿ ನಿಂತು ಕೆಳಗಿನ ಲಾವಾದ ಅಂಗಳವನ್ನೂ, ಅದರ ನಡುವೆ ಎದ್ದ ಜ್ವಾಲಾಮುಖಿಯ ಶಿಖರವನ್ನೂ ಸೂರ್ಯ ಹುಟ್ಟುವಾಗ ನೋಡಿದೆ. ಖಂಡಾಲಾದ ಕಲ್ಲಿನ ಬಣ್ಣವೇ ಅದು. ಕಣ್ಣು ತುಂಬಿ ಬಂದುದನ್ನು ಮಗಳಿಂದ ಮರೆಮಾಡಲಿಲ್ಲ. ಮೆಟ್ಟಿಲಿಳಿದು ಸಣ್ಣ ಕುಳಿಯೊಂದರವರೆಗೆ ನಡೆದು, ಮರಳಿ ಮೇಲೆ ಬರುವಷ್ಟರಲ್ಲಿ ಹತ್ತು ಗಂಟೆ. ಮೋಡ ಅಂಚನ್ನು ದಾಟಿ ಎಲ್ಲವನ್ನೂ ಮುಚ್ಚಿತು. ಆಗ ತಾನೇ ಕಾರುಗಳಲ್ಲಿ ಬಂದಿಳಿಯುತ್ತಿದ್ದವರಿಗೆ ಏನೂ ಕಾಣುತ್ತಿರಲಿಲ್ಲ. ದೊಡ್ಡ ಸಂಸ್ಥೆಯ ಪಟ್ಟಿಯಂತೆ ಬಂದಿದ್ದರೆ ಅವರ ನಡುವೆ ನಾವೂ ಇರುತ್ತಿದ್ದೆವು.

ಸಿಲಾವೊಸ್‌ಗೆ ಸೇಂ ಲೂಯಿಯಿಂದ 37 ಕಿ.ಮೀ.; ಅದನ್ನು ನಾನೂರು ತಿರುವುಗಳ ರಸ್ತೆಯೆಂದೇ ಕರೆಯುತ್ತಾರೆ. ಆಗುಂಬೆಯ ತಿರುವುಗಳನ್ನು ಹತ್ತಿಳಿದು ಬಲ್ಲವನಾದರೂ, ಒಂದೇ ವಾಹನ ಹಿಡಿಸುವ ಸುರಂಗಗಳ ಮುಂದೆ ಎದುರಿನ ದೀಪ ಕಾಯುತ್ತ ನಿಂತಾಗ ನನ್ನ ಕೈ ಬಾಗಿಲಿನ ಹಿಡಿಯನ್ನು ಬಿಡಲಿಲ್ಲ. ಇದನ್ನು ಒಂದೇ ದಿನ ಹತ್ತಿ ಇಳಿಸದೆ ಮೇಲೆ ಎರಡು ರಾತ್ರಿ ಉಳಿಸಿದ್ದಕ್ಕೆ ಮಗಳು ಮಾಟುಂಗಾದವರಿಗೆ ಅಲ್ಲಿಂದಲೇ ಧನ್ಯವಾದದ ಸಂದೇಶ ಕಳುಹಿಸಿದಳು.

ಈಗ ಲೋಪಗಳು. ನಾವು ತಲುಪಿದ ದಿನ ಭಾನುವಾರ. ಭಾನುವಾರ ಮಧ್ಯಾಹ್ನದ ಮೇಲೆ ಅಲ್ಲಿನ ಅಂಗಡಿಗಳು ಮುಚ್ಚುವುದು ರೂಢಿಯೆಂಬುದು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಅಡುಗೆಮನೆಯಿರುವ ವಸತಿಯಲ್ಲಿ ಅಕ್ಕಿ, ತರಕಾರಿ ಕೊಂಡು ಬೇಯಿಸಿಕೊಳ್ಳಿ ಎಂದಿತ್ತು. ಮನೆಯಿಂದ ತಂದ ಚಪಾತಿ ಮತ್ತು ಚಟ್ನಿಪುಡಿ ಇಲ್ಲದಿದ್ದರೆ ಆ ರಾತ್ರಿ ಹಸಿವಿನಲ್ಲೇ ಮಲಗಬೇಕಿತ್ತು. ಎರಡನೆಯ ಲೋಪ ಇದಕ್ಕಿಂತ ದೊಡ್ಡದು, ಏಕೆಂದರೆ ಅದು ಅವರ ಸ್ವಂತ ಸೂತ್ರಕ್ಕೇ ವಿರುದ್ಧ. ಮಾಫಾತ್ ಕಣಿವೆಯನ್ನು ಮೇಲಿನಿಂದ ನೋಡುವ, ಸುಮಾರು 2,200 ಮೀಟರ್ ಎತ್ತರದ ಮಾಯ್ದೊ ಅಂಚನ್ನು ಕೊನೆಯ ಶನಿವಾರದ ಮಧ್ಯಾಹ್ನಕ್ಕೆ, ಸಿಲಾವೊಸ್‌ನಿಂದ ಇಳಿದು ಬರುವ ದಾರಿಗೆ ಸೇರಿಸಿದ್ದರು. ಅಷ್ಟು ಹೊತ್ತಿಗೆ ಕಣಿವೆಯ ತುಂಬ ಮೋಡ. ನಾಲ್ಕೂವರೆಯವರೆಗೆ ಕಾದು, ಏನನ್ನೂ ಕಾಣದೆ ಇಳಿದೆವು. ಮರಳಿದ ಮೇಲೆ ಎರಡನ್ನೂ ಅವರಿಗೆ ತಿಳಿಸಿದೆ. ಅವರು ನೆಪ ಹೇಳಲಿಲ್ಲ. ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ರಾತ್ರಿ ಸೇರಿಸಿ ಮಾಯ್ದೊಗೆ ಬೆಳಗಿನ ಹೊತ್ತನ್ನೇ ಕೊಡಬೇಕಿತ್ತೆಂದು ಒಪ್ಪಿ, ತಮ್ಮ ಹಾಳೆಯಲ್ಲಿ ನನ್ನೆದುರೇ ತಿದ್ದಿದರು, ಭಾನುವಾರದ ಅಂಗಡಿಗಳ ವಿಷಯವನ್ನೂ ಮೊದಲ ಪುಟದಲ್ಲಿ ಬರೆದರು.

ಕಾರು ನಡೆಸುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಅಥವಾ ಟಿಕೆಟಿನಿಂದ ಊಟದವರೆಗೆ ಎಲ್ಲವನ್ನೂ ಬೇರೆಯವರೇ ನೋಡಿಕೊಳ್ಳಬೇಕೆಂದು ಬಯಸುವವರಾದರೆ, ಈ ಸೇವೆ ಒಗ್ಗುವುದಿಲ್ಲ. ಉಳಿದವರು ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಹೋಗುವುದಾದರೆ, ವೀಸಾ ಮತ್ತು ಆಟೋಮ್ಯಾಟಿಕ್ ಕಾರು ಎರಡಕ್ಕೂ ಸಮಯ ಬೇಕಾಗುವುದರಿಂದ, ನಾಲ್ಕು ತಿಂಗಳು ಮೊದಲೇ ಅವರನ್ನು ಕಾಣುವುದು ಒಳ್ಳೆಯದು. ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದಿಲ್ಲ, ನಾವು ಮೂರು ಬಾರಿ ಹೋದೆವು. ಪ್ರತಿ ಸಲವೂ ನಕಾಶೆ ಮೇಜಿನ ಮೇಲೆ ಹಾಸಿಯೇ ಇತ್ತು.